ಸರ್ವೆ ನಂಬರನ್ನು ಅರಿಯದ ಸಾಫ್ಟ್‌ವೇರ್: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪನಿಯ ಕಾನೂನು ವಿಭಾಗಕ್ಕೆ ಸಾಫ್ಟ್‌ವೇರ್ ಆರಿಸುವ ಬಗ್ಗೆ ಕೊಡಗಿನಿಂದ ಬಂದ ನಾಲ್ಕು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ತೋಟದ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಬಹಳ ವರ್ಷ ದುಡಿದು, ಅಲ್ಲಿ ಎರಡು ಬಾರಿ ಸಾಫ್ಟ್‌ವೇರ್ ಬದಲಾದುದನ್ನು ಕಂಡ ಅನುಭವದಿಂದ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಕಾಫಿ ಮತ್ತು ಕಾಳುಮೆಣಸಿನ ತೋಟಗಳಿರುವ ಕಂಪನಿ. ಕಾನೂನು ವಿಭಾಗದಲ್ಲಿ ಇಬ್ಬರು ಅಧಿಕಾರಿಗಳು ಮತ್ತು ಒಬ್ಬ ಗುಮಾಸ್ತರಿದ್ದೇವೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ನ್ಯಾಯಾಲಯಗಳಲ್ಲೂ ಬೆಂಗಳೂರಿನ ಹೈಕೋರ್ಟಿನಲ್ಲೂ ವ್ಯಾಜ್ಯಗಳಿವೆ. ಇದುವರೆಗೆ ಕೆಲಸವೆಲ್ಲ ವಾಯಿದೆ ಪುಸ್ತಕ ಮತ್ತು ಎಕ್ಸೆಲ್‌ನಲ್ಲಿ ನಡೆದಿದೆ. ಈಗ ಆಡಳಿತ ಮಂಡಳಿಯವರು ಕರಾರು ನಿರ್ವಹಣೆಯ ದೊಡ್ಡ ಸಾಫ್ಟ್‌ವೇರ್ ಒಂದರ ಡೆಮೊ ನೋಡಿ ಮೆಚ್ಚಿಕೊಂಡಿದ್ದಾರೆ. ಏನನ್ನು ನೋಡಿ ತೀರ್ಮಾನಿಸಬೇಕು?
— ಮಡಿಕೇರಿಯ ಓದುಗರು

ಉತ್ತರ: ಕಾನೂನು ವಿಭಾಗದ ಸಾಫ್ಟ್‌ವೇರ್ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಒಂದೇ ಬಗೆಯ ಸರಕಲ್ಲ. ನ್ಯಾಯಾಲಯದ ಪ್ರಕರಣಗಳ ವಾಯಿದೆ, ಆದೇಶ, ಕಡತಗಳನ್ನು ನೋಡಿಕೊಳ್ಳುವುದು ಒಂದು ಬಗೆ. ಕರಾರನ್ನು ಕರಡಿನಿಂದ ಹಿಡಿದು ಸಹಿ, ನವೀಕರಣದವರೆಗೆ ನಡೆಸುವುದು ಇನ್ನೊಂದು. ಹೊರಗಿನ ವಕೀಲರ ಬಿಲ್ಲುಗಳನ್ನು ತಾಳೆ ನೋಡುವುದು ಮತ್ತೊಂದು. ಕಾಯ್ದೆಗಳಡಿ ಸಲ್ಲಿಸಬೇಕಾದ ವಿವರಪಟ್ಟಿಗಳ ಗಡುವನ್ನು ನೆನಪಿಸುವುದು ಬೇರೆಯದೇ. ನಿಮ್ಮ ಆಡಳಿತ ಮಂಡಳಿ ಮೆಚ್ಚಿರುವುದು ಎರಡನೆಯದನ್ನು, ನಿಮಗೆ ದಿನನಿತ್ಯ ಕಷ್ಟ ಕೊಡುತ್ತಿರುವುದು ಮೊದಲನೆಯದು ಎಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಹಲವಾರು ಇಲಾಖೆಗಳ ಹಲವಾರು ಜನ ವರ್ಷಕ್ಕೆ ನೂರಾರು ಕರಾರುಗಳಿಗೆ ಸಹಿ ಹಾಕಿಸುವ ಕಂಪನಿಗೆ ಕರಾರು ನಿರ್ವಹಣೆಯ ಸಾಫ್ಟ್‌ವೇರ್ ನಿಜಕ್ಕೂ ಬೇಕು. ತೋಟದ ಕಂಪನಿಯಲ್ಲಿ ಕಾಫಿ ಮಾರಾಟ, ಕ್ಯೂರಿಂಗ್ (ಕಾಫಿ ಬೀಜದ ಸಂಸ್ಕರಣೆ), ಬಳ್ಳಿಯಲ್ಲಿರುವ ಮೆಣಸಿನ ಫಸಲಿನ ಗುತ್ತಿಗೆ, ಸಿಲ್ವರ್ ಓಕ್ ಮರಗಳ ಮಾರಾಟ, ಕಾರ್ಮಿಕರ ಸರಬರಾಜು ಎಂದು ಕರಾರಿನ ಬಗೆಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಅವುಗಳಿಗೆ ಒಳ್ಳೆಯ ಮಾದರಿ ಪ್ರತಿಗಳು ಮತ್ತು ಮುಗಿಯುವ ದಿನವನ್ನು ನೆನಪಿಸುವ ಒಂದು ಪಟ್ಟಿ ಸಾಕು.

ಆದ್ದರಿಂದ ಯಾವ ಕಂಪನಿಯವರನ್ನೂ ಕರೆಯುವ ಮೊದಲು ಒಂದು ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ವಿಭಾಗದಲ್ಲಿ ಯಾರಾದರೂ ಏನನ್ನಾದರೂ ಹುಡುಕಿದಾಗಲೆಲ್ಲ, ಏನು ಹುಡುಕಿದರು, ಎಷ್ಟು ಹೊತ್ತಾಯಿತು, ಕೊನೆಗೆ ಎಲ್ಲಿ ಸಿಕ್ಕಿತು ಎಂದು ಗುಮಾಸ್ತರ ಕೈಯಲ್ಲಿ ಬರೆಸಿಡಿ. ನಾವು ಹಾಗೆ ಬರೆಸಿದಾಗ ಕಂಡದ್ದೇನೆಂದರೆ, ಹುಡುಕಾಟದ ಬಹುಪಾಲು ಪ್ರಕರಣದ ಸಂಖ್ಯೆಯಿಂದ ಆರಂಭವಾಗುತ್ತಲೇ ಇರಲಿಲ್ಲ. ತೋಟದ ಮ್ಯಾನೇಜರ್ ಫೋನ್ ಮಾಡಿ ಕೇಳುತ್ತಿದ್ದುದು "ಆ ಸರ್ವೆ ನಂಬರಿನ ಮೇಲೆ ಏನಾದರೂ ತಡೆಯಾಜ್ಞೆ ಇದೆಯೇ?" ಎಂದು.

ಕೊಡಗಿನ ಕಂಪನಿಗಳು ಆಯ್ಕೆಯಲ್ಲಿ ಎಡವುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಸಿದ್ಧ ಸಾಫ್ಟ್‌ವೇರ್‌ಗಳು ಪ್ರಕರಣವನ್ನು ನಡುವೆ ಇಟ್ಟು ಉಳಿದುದನ್ನೆಲ್ಲ ಅದರ ಸುತ್ತ ಜೋಡಿಸುತ್ತವೆ. ನಮ್ಮ ಕೆಲಸದ ಬೆನ್ನೆಲುಬು ಜಮೀನು. ಗದ್ದೆಗೆ ಹೊಂದಿಕೊಂಡು ಸೌದೆ, ಮೇವು, ಸೊಪ್ಪಿಗೆಂದು ಹಿಂದೆ ಬಿಟ್ಟುಕೊಟ್ಟ ಬಾಣೆ ಇಂದು ಕಾಫಿ ತೋಟವಾಗಿರುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ, ಕುಟುಂಬದ ಪರವಾಗಿ ಹಿಡುವಳಿ ಯಾರ ಹೆಸರಿನಲ್ಲಿದೆಯೋ ಆ ಪಟ್ಟೇದಾರರ ಜೊತೆಗೆ ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ಹಲವರ ಹೆಸರುಗಳಿರುತ್ತವೆ. ಅಂತಹ ಒಂದೇ ಜಾಗದ ಮೇಲೆ ಒಕ್ಕದವರ ನಡುವಿನ ಆಸ್ತಿ ಪಾಲಿನ ದಾವೆ, ಖಾತೆ ಬದಲಾವಣೆಯ ವಿರುದ್ಧ ಉಪವಿಭಾಗಾಧಿಕಾರಿಗಳ ಮುಂದಿನ ಮೇಲ್ಮನವಿ, ನಿಮ್ಮ ಕಂಪನಿಯ ಗುತ್ತಿಗೆ ಕರಾರು, ಬ್ಯಾಂಕಿನ ಅಡಮಾನ, ಇವು ನಾಲ್ಕೂ ಏಕಕಾಲಕ್ಕೆ ಇರಬಹುದು. ಪ್ರಕರಣವನ್ನೇ ನಂಬಿದ ಸಾಫ್ಟ್‌ವೇರ್ ಇವನ್ನು ನಾಲ್ಕು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡುತ್ತದೆ. ಒಂದರಲ್ಲಿ ರಾಜಿ ಮಾಡಿಕೊಳ್ಳುವಾಗ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ.

ಮಾರಾಟಗಾರರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಜಮೀನನ್ನು ತನ್ನದೇ ಒಂದು ದಾಖಲೆಯಾಗಿ ಇಟ್ಟು, ಅದಕ್ಕೆ ಎಷ್ಟು ವ್ಯಾಜ್ಯ, ಕರಾರು, ಪಹಣಿ, ಋಣಭಾರ ಪ್ರಮಾಣಪತ್ರಗಳನ್ನು ಬೇಕಾದರೂ ಜೋಡಿಸಲು ಬರುತ್ತದೆಯೇ? ಬರೀ ಸರ್ವೆ ನಂಬರು ಸಾಲದು, ಅದೇ ನಂಬರು ಪಕ್ಕದ ಗ್ರಾಮದಲ್ಲೂ ಇರುತ್ತದೆ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಭಾಗದ ಸಂಖ್ಯೆ) ಐದೂ ಸೇರಿದರೆ ಮಾತ್ರ ಗುರುತು. ಪೋಡಿಯಾದ ಮೇಲೆ, ಅಂದರೆ ಜಮೀನನ್ನು ಅಳೆದು ಬೇರ್ಪಡಿಸಿದ ಮೇಲೆ, ನಂಬರು ಬದಲಾದರೆ ಹಳೆಯ ನಂಬರೂ ಅಳಿಯದೆ ಉಳಿಯಬೇಕು. ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ, ಹಳೆಯ ಕ್ರಯಪತ್ರದಲ್ಲಿ ವಿರಾಜಪೇಟೆ ತಾಲ್ಲೂಕು ಎಂದಿರುವ ಜಾಗ ಇಂದಿನ ಪಹಣಿಯಲ್ಲಿ ಪೊನ್ನಂಪೇಟೆ ತಾಲ್ಲೂಕಿನಲ್ಲಿರಬಹುದು. ಎರಡು ಹೆಸರಿನಿಂದ ಹುಡುಕಿದರೂ ಒಂದೇ ಜಾಗ ಸಿಗಬೇಕು. ಯುರೋಪಿಗೆ ಕಾಫಿ ಹೋಗುವ ತೋಟಗಳಿಗೆ ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು ಕಾಫಿಗೂ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆಯಲ್ಲವೆಂದು ತೋರಿಸಲು ಜಾಗದ ಭೌಗೋಳಿಕ ಗುರುತನ್ನೂ, ಬೆಳೆ ಕಾನೂನುಬದ್ಧವಾಗಿ ಬೆಳೆದದ್ದೆಂಬ ಆಧಾರವನ್ನೂ ಅದು ಕೇಳುತ್ತದೆ. ಜಮೀನಿನ ಸುತ್ತ ದಾಖಲೆ ಜೋಡಿಸಿಟ್ಟ ವಿಭಾಗಕ್ಕೆ ಈ ಕಾಗದಗಳನ್ನು ಒದಗಿಸುವುದು ಒಂದು ಮಧ್ಯಾಹ್ನದ ಕೆಲಸ.

ಎರಡನೆಯದಾಗಿ ದಿನಾಂಕಗಳನ್ನು ಪರೀಕ್ಷಿಸಿ. ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನಗಳ ಒಳಗೆ ಮೇಲ್ಮನವಿ ಸಲ್ಲಬೇಕು ಎಂಬುದು 1963ರ ಕಾಲಮಿತಿ ಕಾಯ್ದೆಯ ಲೆಕ್ಕ. ಆ ಕಾಯ್ದೆಯ 12ನೇ ಕಲಮಿನಂತೆ ತೀರ್ಪಿನ ದಿನವನ್ನೂ ದೃಢೀಕೃತ ನಕಲು ಪಡೆಯಲು ಬೇಕಾದ ಕಾಲವನ್ನೂ ಬಿಟ್ಟು ಎಣಿಸಬೇಕು. ಡೆಮೊ ದಿನ ಒಂದು ಕಲ್ಪಿತ ಪ್ರಕರಣವನ್ನು ಅವರ ಮುಂದೆಯೇ ತುಂಬಿಸಿ. ಆಗಸ್ಟ್ 4ರಂದು ಡಿಕ್ರಿ; ನಕಲಿಗೆ ಅರ್ಜಿ ಆಗಸ್ಟ್ 10ರಂದು; ನಕಲು ಸಿದ್ಧವಾದದ್ದು ಆಗಸ್ಟ್ 24ರಂದು. ಬರೀ 30 ದಿನ ಎಣಿಸಿದರೆ ಕೊನೆಯ ದಿನ ಸೆಪ್ಟೆಂಬರ್ 3. ಅರ್ಜಿಯ ದಿನವನ್ನೂ ನಕಲು ಸಿದ್ಧವಾದ ದಿನವನ್ನೂ ಸೇರಿಸಿ 15 ದಿನ ಬಿಟ್ಟರೆ ಅದು ಸೆಪ್ಟೆಂಬರ್ 18. ಸೆಪ್ಟೆಂಬರ್ 3 ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್. ಸರ್ಕಾರದ ರಜಾ ಪಟ್ಟಿಯಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇರುವ ದಿನ. ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳಿಗೂ ಇದೇ ಮಾತು ಸಲ್ಲುತ್ತದೆ. ಬೆಂಗಳೂರಿನ ಕ್ಯಾಲೆಂಡರನ್ನಷ್ಟೇ ಬಲ್ಲ ಸಾಫ್ಟ್‌ವೇರ್‌ಗೆ ಈ ರಜೆಗಳು ತಿಳಿದಿರುವುದಿಲ್ಲ. ಜಿಲ್ಲೆವಾರು, ನ್ಯಾಯಾಲಯವಾರು ರಜೆಗಳನ್ನು ನೀವೇ ತುಂಬಲು ಅವಕಾಶವಿರಬೇಕು. ಇಷ್ಟೆಲ್ಲ ಲೆಕ್ಕ ಬಂದರೂ ಎಚ್ಚರಿಕೆಯ ಗಂಟೆ ಮೊದಲ ದಿನಾಂಕಕ್ಕೇ, ಅಂದರೆ ವಿನಾಯಿತಿಗಳಿಲ್ಲದ 30 ದಿನಕ್ಕೇ ಹೊಡೆಯುವಂತೆ ಇಡಿಸಿ. ವಿನಾಯಿತಿ ಆಪತ್ಕಾಲಕ್ಕೆ ಇರುವ ಆಸರೆ, ಅದನ್ನು ನಂಬಿ ಕೆಲಸ ನಿಗದಿ ಮಾಡಬಾರದು. ಚೆಕ್ ಅಮಾನ್ಯದ ಪ್ರಕರಣಗಳಲ್ಲಿ ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ನಂತರ ಒಂದು ತಿಂಗಳೊಳಗೆ ದೂರು ಎಂಬ ಸರಪಳಿಯಿದೆ. ಒಂದು ದಿನಾಂಕ ತುಂಬಿದರೆ ಮುಂದಿನವು ತಾವಾಗಿ ಮೂಡುತ್ತವೆಯೇ ಎಂದೂ ನೋಡಿ.

ವಾಯಿದೆಗಳನ್ನು ಕೈಯಾರೆ ತುಂಬುವ ಶ್ರಮ ಈಗ ಬಹುಮಟ್ಟಿಗೆ ತಪ್ಪಿಸಬಹುದು. ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಪ್ರಕರಣಕ್ಕೂ 16 ಅಂಕಾಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟರೆ ಮುಂದಿನ ವಾಯಿದೆಯನ್ನೂ ಆದೇಶವನ್ನೂ ತಾನೇ ತಂದು ತೋರಿಸುವ ಸಾಫ್ಟ್‌ವೇರ್‌ಗಳಿವೆ. ಆದರೆ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದಿನ ಕಂದಾಯ ಪ್ರಕರಣಗಳಿಗೆ ಸಿಎನ್‌ಆರ್ ಇಲ್ಲ. ತೋಟದ ಕಂಪನಿಗೆ ಅವೇ ಅರ್ಧದಷ್ಟಿರಬಹುದು. ಸಿಎನ್‌ಆರ್ ಇಲ್ಲದೆ ಪ್ರಕರಣ ತೆರೆಯಲೇ ಬಿಡದ ಸಾಫ್ಟ್‌ವೇರ್ ಅನ್ನು ಅಲ್ಲಿಗೇ ಕೈಬಿಡಿ.

ಡೆಮೊ ಎಂದೂ ಅವರ ಮಾದರಿ ಕಡತಗಳಿಂದ ನಡೆಯಬಾರದು. ನಿಮ್ಮಲ್ಲಿ ಇತ್ಯರ್ಥವಾದ, ಗುಟ್ಟಿಲ್ಲದ ಮೂರು ಕಡತಗಳನ್ನು ಆರಿಸಿ, ಅವುಗಳಲ್ಲಿ ಒಂದಾದರೂ ತೀರಾ ಸಿಕ್ಕಾಗಿರಲಿ. ಅವುಗಳನ್ನು ಮಾರಾಟಗಾರರ ಪ್ರತಿನಿಧಿಯಿಂದಲ್ಲ, ನಿಮ್ಮ ಗುಮಾಸ್ತರಿಂದಲೇ ತುಂಬಿಸಿ. ಆಡಳಿತ ಮಂಡಳಿ ಮೆಚ್ಚುವುದು ಚಿತ್ರ, ನಕ್ಷೆಗಳ ಪರದೆಯನ್ನು. ಸಾಫ್ಟ್‌ವೇರ್ ಉಳಿಯುವುದು ಅಥವಾ ಬೀಳುವುದು ದಿನವಿಡೀ ಅದನ್ನು ತುಂಬುವವರ ಕೈಯಲ್ಲಿ.

ಪ್ರಶ್ನೆ: ನಮ್ಮ ಹಳೆಯ ಕರಾರು, ನೋಟಿಸುಗಳು ನುಡಿಯಲ್ಲಿ ಟೈಪಾಗಿವೆ. ಇನ್ನೂ ಹಳೆಯವು ಕೈಬರಹದಲ್ಲಿವೆ, ಕೆಲವು ಇಂಗ್ಲಿಷಿನಲ್ಲಿವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿದರೆ ಹುಡುಕಲು ಸಿಗುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ನಂಬಬಹುದೇ?
— ವಿರಾಜಪೇಟೆಯ ಓದುಗರು

ಉತ್ತರ: ಅರ್ಧ ಮಾತ್ರ ನಂಬಬಹುದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಟೈಪಾದ ಬಹಳಷ್ಟು ಕಡತಗಳು, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅವು ಚೊಕ್ಕ ಕನ್ನಡವಾಗಿ ಕಾಣುತ್ತವೆ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಗೋಜಲಾಗಿ ಕಾಣುತ್ತವೆ. ಸಾಫ್ಟ್‌ವೇರ್ ಓದುವುದು ಆ ಗೋಜಲನ್ನೇ ಆದ್ದರಿಂದ ನೀವು "ಬಾಣೆ" ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಮತ್ತು ಸಿಗಲಿಲ್ಲವೆಂದರೆ ಕಡತವೇ ಇಲ್ಲವೆಂದು ನೀವು ತಿಳಿಯುತ್ತೀರಿ. ಅಪಾಯವಿರುವುದು ಅಲ್ಲಿ. ಸಾಫ್ಟ್‌ವೇರ್‌ಗೆ ಸೇರಿಸುವ ಮೊದಲೇ ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಸರ್ವೆ ನಂಬರು, ವಿಸ್ತೀರ್ಣ, ಮೊತ್ತ, ಹೆಸರುಗಳನ್ನು ಒಬ್ಬರು ಓದಿ, ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಬೇಕು. ಮೂಲ ಕಡತವನ್ನು ಬದಲಾಯಿಸದೆ ಪಕ್ಕದಲ್ಲೇ ಇಡಿ.

ಸ್ಕ್ಯಾನ್ ಆದ ಪುಟದಿಂದ ಅಚ್ಚಾದ ಕನ್ನಡವನ್ನು ಗುರುತಿಸುವ ತಂತ್ರ ಈಗ ಸಾಕಷ್ಟು ಚೆನ್ನಾಗಿದೆ, ಕೈಬರಹಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಆ ಕಾಲದ ಭೂದಾಖಲೆಗಳು 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನ ಭಾಷೆಯಲ್ಲಿ ಮಾತಾಡುತ್ತವೆ. ಅವುಗಳಲ್ಲಿ ಮಡಿಕೇರಿ ಮರ್ಕೆರಾ ಆಗಿರುತ್ತದೆ. ನಿಮ್ಮ ಊರು ಒಂದು ಕಡೆ ವಿರಾಜಪೇಟೆ, ಇನ್ನೊಂದು ಕಡೆ ವೀರಾಜಪೇಟೆ, ಮತ್ತೂ ಹಳೆಯದರಲ್ಲಿ ವೀರರಾಜೇಂದ್ರಪೇಟೆ. ಯಾವ ಯಂತ್ರಕ್ಕೂ ಇವೆಲ್ಲ ಒಂದೇ ಊರೆಂದು ತಾನಾಗಿ ತಿಳಿಯದು. ಹಾಗಾಗಿ ಪ್ರತಿ ಹಳೆಯ ಪತ್ರಕ್ಕೂ ಪತ್ರದ ಬಗೆ, ದಿನಾಂಕ, ಗ್ರಾಮ, ಸರ್ವೆ ನಂಬರು, ಪಕ್ಷಕಾರರು, ಮೂಲಪ್ರತಿ ಇರುವ ಬೀರುವಿನ ಸಂಖ್ಯೆ ಎಂಬ ಆರು ವಿವರಗಳನ್ನು ಮನುಷ್ಯರೇ ತುಂಬಬೇಕು. ಈ ಕೆಲಸಕ್ಕೆ ಬೇಕಾದ ಸಂಬಳ ಮತ್ತು ತಿಂಗಳುಗಳನ್ನು ಸಾಫ್ಟ್‌ವೇರಿನ ಬೆಲೆಯ ಜೊತೆಗೇ ಲೆಕ್ಕ ಹಾಕಿ. ಕೊಡವರ ಹೆಸರಿನಲ್ಲಿ ಮನೆಹೆಸರು ಮೊದಲು ಬರುತ್ತದೆ. ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಚೌಕಗಳಲ್ಲಿ ಒಡೆಯುವ ಸಾಫ್ಟ್‌ವೇರ್‌ನಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ತುಂಬಿ, ಒಂದೇ ಒಕ್ಕದವರು ಹತ್ತು ಕಡೆ ಚದುರಿಹೋಗುತ್ತಾರೆ.

ಸ್ಕ್ಯಾನ್ ಆಯಿತೆಂದು ಮೂಲಪ್ರತಿಯನ್ನು ಎಸೆಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದು ಭಾಗವನ್ನು ಪಕ್ಷಕಾರರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಸ್ವಲ್ಪ ಬದಲಾದರೂ ತಾನೂ ಬದಲಾಗುವ, ಬೆರಳಚ್ಚಿನಂತಹ ಸಂಖ್ಯೆಯನ್ನೂ) ಅದರಲ್ಲಿ ನಮೂದಿಸಬೇಕು. ಕಡತವನ್ನು ಸೇರಿಸಿದ ದಿನವೇ ಹ್ಯಾಶ್ ಲೆಕ್ಕ ಹಾಕಿ ಇಡುವ, ಯಾರು ಯಾವಾಗ ತೆರೆದರು, ಬದಲಿಸಿದರು ಎಂಬುದನ್ನು ಅಳಿಸಲಾಗದಂತೆ ದಾಖಲಿಸುವ ಸಾಫ್ಟ್‌ವೇರ್ ಆಗಿದ್ದರೆ ಆ ದಿನ ನಿಮಗೆ ಬಹಳ ಅನುಕೂಲ.

ಪ್ರಶ್ನೆ: ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇರುವುದಿಲ್ಲ. ಕ್ಲೌಡ್ ಬೇಡ, ಕಚೇರಿಯಲ್ಲೇ ಸರ್ವರ್ ಇಟ್ಟುಕೊಳ್ಳೋಣ ಎಂದು ನಮ್ಮ ಮ್ಯಾನೇಜರ್ ಅವರ ಅಭಿಪ್ರಾಯ. ಗೋಪ್ಯತೆಗೂ ಅದೇ ಒಳ್ಳೆಯದಲ್ಲವೇ?
— ಕುಶಾಲನಗರದ ಓದುಗರು

ಉತ್ತರ: 2018ರ ಆಗಸ್ಟಿನ ಮಳೆಯನ್ನೂ ಭೂಕುಸಿತವನ್ನೂ ಕಂಡ ನಮಗೆ ಇದಕ್ಕೆ ಉತ್ತರ ಗೊತ್ತಿರಬೇಕು. ಕರೆಂಟಿಲ್ಲದ ದಿನ ಕ್ಲೌಡ್ ಸಿಗುವುದಿಲ್ಲ ಎಂಬುದು ಅನನುಕೂಲ. ನೀರು ನುಗ್ಗಿದ ಕಟ್ಟಡದಲ್ಲಿ ಸರ್ವರ್ ಇದ್ದರೆ ಅದು ನಷ್ಟ. ಸಣ್ಣ ಕಚೇರಿಯ ಸರ್ವರಿಗೆ ತೇವ, ಸಿಡಿಲು, ಯುಪಿಎಸ್ ಬ್ಯಾಟರಿ ಎಲ್ಲವನ್ನೂ ನೋಡಿಕೊಳ್ಳುವ, ಭದ್ರತೆಯ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕುವ ಒಬ್ಬರು ಬೇಕು. ಅಂತಹವರಿಲ್ಲದಿದ್ದರೆ ಕ್ಲೌಡನ್ನೇ ಆರಿಸಿ, ದತ್ತಾಂಶ ಭಾರತದಲ್ಲೇ ಇರುತ್ತದೆಂದು ಕರಾರಿನಲ್ಲಿ ಬರೆಸಿ, ವಾರಕ್ಕೊಮ್ಮೆ ಪೂರ್ಣ ಪ್ರತಿಯನ್ನು ನಿಮ್ಮದೇ ಡಿಸ್ಕಿಗೆ ಇಳಿಸಿ, ಮುಂದಿನ ಹದಿನೈದು ದಿನದ ವಾಯಿದೆ ಪಟ್ಟಿಯನ್ನು ಪ್ರತಿ ಸೋಮವಾರ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಾಗದ ಬಹಳ ಉಪಕಾರ ಮಾಡುತ್ತದೆ.

ಗೋಪ್ಯತೆಯ ವಿಚಾರ ಸರ್ವರ್ ಎಲ್ಲಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ದತ್ತಾಂಶವನ್ನು ಹೊರಗಿನ ಸಂಸ್ಥೆ ನಿರ್ವಹಿಸುತ್ತಿದ್ದರೂ ಹೊಣೆ ನಿಮ್ಮ ಕಂಪನಿಯದೇ. ತಕ್ಕ ಭದ್ರತೆ ಇಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕಾರ್ಮಿಕರ ಆಧಾರ್ ಪ್ರತಿ, ವೈದ್ಯಕೀಯ ಕಾಗದಗಳು ವ್ಯಾಜ್ಯದ ಕಡತದಲ್ಲಿ ಸುಮ್ಮನೆ ಬಿದ್ದಿರುತ್ತವೆ. ಯಾರಿಗೆ ಯಾವ ಕಡತ ಕಾಣಬೇಕು ಎಂದು ಪಾತ್ರವಾರು ನಿರ್ಬಂಧಿಸುವ ಅನುಕೂಲ ಸಾಫ್ಟ್‌ವೇರ್‌ನಲ್ಲಿ ಇರಲೇಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ, ಇದನ್ನು ಮಾರಾಟಗಾರರು ಹೇಳುವುದಿಲ್ಲ. ಪೂರ್ಣಕಾಲಿಕ ಸಂಬಳದ ನೌಕರರಾಗಿರುವವರು ವಕೀಲಿ ವೃತ್ತಿ ನಡೆಸುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುತ್ತದೆ. ವಕೀಲರಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕೊಡುವ ಗೋಪ್ಯತೆಯ ರಕ್ಷಣೆ ಕಂಪನಿಯ ಒಳಗಿನ ಕಾನೂನು ಅಧಿಕಾರಿಗಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿದೆ. ಸಾಫ್ಟ್‌ವೇರಿನ ಟಿಪ್ಪಣಿ ಚೌಕದಲ್ಲಿ "ಈ ದಾವೆಯಲ್ಲಿ ನಮ್ಮ ಪಕ್ಷ ದುರ್ಬಲವಾಗಿದೆ" ಎಂದು ನೀವು ಬರೆದ ಸಾಲು ಮುಂದೊಂದು ದಿನ ನ್ಯಾಯಾಲಯದ ಮುಂದೆ ಬರಬಹುದು ಎಂದೇ ತಿಳಿದು ಬರೆಯಿರಿ. ಹೊರಗಿನ ವಕೀಲರ ಅಭಿಪ್ರಾಯಪತ್ರಗಳಿಗೆ ಬೇರೆಯೇ ಕಡತಕೋಶ, ಬೇರೆಯೇ ಪ್ರವೇಶ ಇರಲಿ. ಟಿಪ್ಪಣಿಗಳಲ್ಲಿ ಏನನ್ನು ಬರೆಯಬೇಕು, ಏನನ್ನು ಬರೆಯಬಾರದು ಎಂದು ಒಂದು ಪುಟದ ಸೂಚನೆಯನ್ನು ಸಾಫ್ಟ್‌ವೇರ್ ಆರಂಭವಾಗುವ ಮೊದಲ ದಿನವೇ ಹಂಚಿ.

ಪ್ರಶ್ನೆ: ಬೆಲೆಯನ್ನು ಹೇಗೆ ಹೋಲಿಸುವುದು? ಕೃತಕ ಬುದ್ಧಿಮತ್ತೆ ಇದೆಯೆಂದು ಒಬ್ಬರು ಹೆಚ್ಚು ಹಣ ಕೇಳುತ್ತಿದ್ದಾರೆ.
— ಪೊನ್ನಂಪೇಟೆಯ ಓದುಗರು

ಉತ್ತರ: ಮೊದಲ ವರ್ಷದ ಬೆಲೆಯನ್ನು ನೋಡಬೇಡಿ, ಐದು ವರ್ಷಕ್ಕೆ ಬಳಕೆದಾರರ ಲೈಸೆನ್ಸು, ಹಳೆಯ ಕಡತಗಳ ಸೇರ್ಪಡೆ, ತರಬೇತಿ, ಸಂಗ್ರಹ ಹೆಚ್ಚಾದಾಗಿನ ಶುಲ್ಕ, ವರ್ಷವರ್ಷದ ಏರಿಕೆ ಎಲ್ಲ ಸೇರಿ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ತೋಟದ ಮ್ಯಾನೇಜರುಗಳಂತೆ ತಿಂಗಳಿಗೆ ಎರಡು ಸಲ ನೋಡುವವರಿಗೂ ಪೂರ್ಣ ಲೈಸೆನ್ಸ್ ಕೊಳ್ಳಬೇಕೇ, ಓದಲು ಮಾತ್ರ ಬಿಡುವ ಅಗ್ಗದ ಪ್ರವೇಶವಿದೆಯೇ ಎಂಬುದರಿಂದ ಒಟ್ಟು ಮೊತ್ತ ಬಹಳ ಬದಲಾಗುತ್ತದೆ. ಕೃತಕ ಬುದ್ಧಿಮತ್ತೆ ದೊಡ್ಡ ಕಡತದ ಸಾರಾಂಶಕ್ಕೆ, ಕರಾರಿನಲ್ಲಿ ಬಿಟ್ಟುಹೋದ ಷರತ್ತು ಹುಡುಕಲು ನೆರವಾಗುತ್ತದೆ, ಆದರೆ ನಿಮ್ಮ ಕನ್ನಡ ಕಡತಗಳ ಮೇಲೆ ಪರೀಕ್ಷಿಸಿಯೇ ಹಣ ಕೊಡಿ. ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿಯಿಂದ ಪಡೆದು ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ವಕೀಲರಿಗೆ 5,000 ಡಾಲರ್ ದಂಡ ಹಾಕಿತ್ತು. ನಿಮ್ಮ ಕಡತಗಳನ್ನು ಅವರ ಯಂತ್ರಕ್ಕೆ ಕಲಿಸಲು ಬಳಸಬಾರದೆಂದು ಕರಾರಿನಲ್ಲೇ ಬರೆಸಿ.

ಎಲ್ಲಕ್ಕಿಂತ ಹೆಚ್ಚಾಗಿ ಬಿಡುವಾಗಿನ ಷರತ್ತನ್ನು ಓದಿ. ನಾವು ಮೊದಲ ಸಾಫ್ಟ್‌ವೇರನ್ನು ಬಿಟ್ಟಾಗ ಆ ಸಂಸ್ಥೆ ಒಪ್ಪಂದದಂತೆ ನಮ್ಮ ಕಡತಗಳನ್ನೆಲ್ಲ ಮರಳಿಸಿತು. ಆದರೆ ಒಂದೇ ಫೋಲ್ಡರಿನಲ್ಲಿ ಸಾವಿರಾರು ಪಿಡಿಎಫ್‌ಗಳು, ಪ್ರತಿಯೊಂದರ ಹೆಸರೂ ಹನ್ನೆರಡು ಅಂಕಿಗಳ ಸಂಖ್ಯೆ; ಯಾವುದು ಯಾವ ದಾವೆಯದು, ಯಾವ ಜಮೀನಿನದು ಎಂಬ ಗುರುತೇ ಇರಲಿಲ್ಲ. ಅವುಗಳನ್ನು ಒಂದೊಂದಾಗಿ ತೆರೆದು ಹೆಸರಿಡಲು ನಮ್ಮ ಇಬ್ಬರು ಗುಮಾಸ್ತರಿಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅವರ ಕಣ್ಣುಗಳ ಆಯಾಸ ನನಗೆ ಇಂದಿಗೂ ನೆನಪಿದೆ. ಕಡತದ ಜೊತೆಗೆ ಅದರ ವಿವರಗಳೂ ಜೋಡಣೆಗಳೂ ಎಕ್ಸೆಲ್ ಅಥವಾ ಸಿಎಸ್‌ವಿ ಪಟ್ಟಿಯಾಗಿ, ಹೆಚ್ಚುವರಿ ಶುಲ್ಕವಿಲ್ಲದೆ, ಕೇಳಿದ 30 ದಿನದೊಳಗೆ ಸಿಗಬೇಕೆಂದು ಬರೆಸಿ. ಪ್ರಾಯೋಗಿಕ ಬಳಕೆಯ ಅವಧಿಯಲ್ಲೇ ಒಮ್ಮೆ ಹಾಗೆ ಎಲ್ಲವನ್ನೂ ಇಳಿಸಿ ತರಿಸಿ, ನಿಮ್ಮ ಗುಮಾಸ್ತರು ಸಾಮಾನ್ಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಒಂದು ಸರ್ವೆ ನಂಬರಿನ ಎಲ್ಲ ಕಾಗದಗಳನ್ನೂ ಹುಡುಕಿ ತೆಗೆದ ಮೇಲೆ ಕರಾರಿಗೆ ಸಹಿ ಹಾಕಿ.